ದೊಡ್ಡವ್ವನ ಪ್ಲೇಟ್‌ಲೆಟ್ಟು, ಮಾವನ ಪಪ್ಪಾಯಿ

(ಗುಂಪು: ಮನಿ ಮಂದಿ, ಕೊಪ್ಪಳ)

ಶರಣಪ್ಪ ಮಾವ: [ಹಲವು ಬಾರಿ ಫಾರ್ವರ್ಡ್ ಆಗಿದೆ] ಪ್ಲೇಟ್‌ಲೆಟ್ ಕಮ್ಮಿ ಅಂದ್ರ ಡೆಂಗೀನೇ! ಪಪ್ಪಾಯಿ ಎಲಿ ರಸ ಕುಡೀರಿ, 24 ತಾಸಿನ್ಯಾಗ 1 ಲಕ್ಷ ಏರತೈತಿ. ಎಲ್ಲಾರಿಗೂ ಕಳಸ್ರಿ.

ಶರಣಪ್ಪ ಮಾವ: ಗಿರಿಜಾ, ನಮ್ಮ ಹಿತ್ತಲದಾಗ ಗಿಡ ಐತಿ. ಸಂಜೀಕ ಅಕ್ಕಗ ಎಲಿ ಕಳಸ್ತೀನಿ.

ಗಿರಿಜಾ: ಅವ್ವಗ ಜ್ವರಾನೇ ಇಲ್ಲ ಮಾವ. ಕಣ್ಣಿನ ಪೊರಿ ಆಪರೇಶನ್ ಅಂತ ರಕ್ತ ಕೊಟ್ರ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಸೂ ಕಣ) 46,000 ಬಂದೈತಿ. ರಿಪೋರ್ಟ್ ಹಾಕೀನಿ ನೋಡ್ರಿ.

ಮಂಜು: 1.5 ಲಕ್ಷದ ಮ್ಯಾಲ ಇರಬೇಕಲ್ಲ! ಅಕ್ಕ, ಈಗ ಹುಬ್ಬಳ್ಳಿಗೆ ಹೊಂಡ್ರಿ, ಗಾಡಿ ತರ್ತೀನಿ.

ಸುಧಾ (ಗಂಗಾವತಿ ಲ್ಯಾಬ್): ತಡಿ ಮಂಜು. ರಿಪೋರ್ಟಿನ ಕೆಳಗ ಸಣ್ಣ ಅಕ್ಷರ ಓದೀಯೇನು? ‘ಪ್ಲೇಟ್‌ಲೆಟ್ ಕ್ಲಂಪ್ಸ್’ ಅಂತ ಬರದಾರ. ನೇರಳೆ ಮುಚ್ಚಳದ ಟ್ಯೂಬಿನ್ಯಾಗ ರಕ್ತ ಹೆಪ್ಪುಗಟ್ಟದಂಗ ಇಡಿಟಿಎ ಅನ್ನೂ ರಾಸಾಯನಿಕ ಇರತೈತಿ. ಕೆಲವ್ರ ರಕ್ತ ಅದಕ್ಕ ಕೂಡಿದ್ರ ಪ್ಲೇಟ್‌ಲೆಟ್ಟು ಒಂದಕ್ಕೊಂದು ಅಂಟಿಕೊಂತಾವ, ಮಷೀನಿಗೆ ಲೆಕ್ಕ ಸಿಗಂಗಿಲ್ಲ. ಬಸ್ಸಿನ್ಯಾಗ ಹತ್ತು ಮಂದಿ ಒಂದ ಕಂಬಳಿ ಹೊಚಗೊಂಡು ಕುಂತ್ರ ಕಂಡಕ್ಟರಗ ಒಂದ ತಲಿ ಕಂಡಂಗ.

ಶರಣಪ್ಪ ಮಾವ: ಹಂಗಾರ ರೊಕ್ಕ ವಾಪಸ್ ಕೇಳ್ರಿ!

ಸುಧಾ: ಅವ್ರು ಬರದು ತಿಳಿಸ್ಯಾರಲ್ಲ ಮಾವ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿಗೆ ಮತ್ತ ರಕ್ತ ತಗೊಂಡು, ಅದರಾಗಿನ ದ್ರವಕ್ಕ ರಕ್ತ ತುಸು ತೆಳ್ಳಗಾಗೂದ್ರಿಂದ ಬಂದ ಲೆಕ್ಕಾನ 1.1ಲೆ ಗುಣಸಬೇಕು. ಸ್ಮಿಯರ್ ಹಾಕಿ, ಅಂದ್ರ ಗಾಜಿನ ಮ್ಯಾಲ ರಕ್ತ ಸವರಿ, ಪ್ಯಾಥಾಲಜಿಸ್ಟ್ ಸೂಕ್ಷ್ಮದರ್ಶಕದಾಗ ಕಣ್ಣಿಲೆ ನೋಡಬೇಕು.

ಮಂಜು: ಖರೇನ ಕಮ್ಮಿ ಇದ್ರ?

ಸುಧಾ: ಆಮ್ಯಾಲ ಕಾರಣ ಹುಡುಕೂದು. ಡೆಂಗಿ, ಮಲೇರಿಯಾ ಆದ್ರ ಸಾಮಾನ್ಯವಾಗಿ ಜ್ವರ ಬರತೈತಿ. ಇಲ್ಲಂದ್ರ ಬಿ12 ಕೊರತಿ, ಲಿವರ್ ಕೆಟ್ಟು ಗುಲ್ಮ ಊದೂದು, ಗುಳಿಗಿ ಪರಿಣಾಮ, ಇಲ್ಲಾ ಮೈಯೇ ತನ್ನ ಪ್ಲೇಟ್‌ಲೆಟ್ ಹಾಳು ಮಾಡೂ ಐಟಿಪಿ, ಅಪರೂಪಕ್ಕ ಮೂಳಿ ಮಜ್ಜೀ ರೋಗ. ಅಕ್ಕ, ದೊಡ್ಡವ್ವನ ಕಾಲಾಗ ಕೆಂಪು ಚುಕ್ಕಿ, ವಸಡಿನ್ಯಾಗ ರಕ್ತ, ಕರಿ ಮಲ ಏನರ?

ಗಿರಿಜಾ: ಏನೂ ಇಲ್ಲ. ಮೊಣಕಾಲು ನೋವಿಗೆ ಮೆಡಿಕಲ್ ಅಂಗಡಿ ಗುಳಿಗಿ ನುಂಗತಾಳ.

ಸುಧಾ: ಆ ಸ್ಟ್ರಿಪ್ ಡಾಕ್ಟರಿಗೆ ತೋರಸು. ಡೈಕ್ಲೋಫೆನಾಕ್ ಇದ್ರ ಅಲ್ಲೀತನಕ ಕೊಡಬ್ಯಾಡ, ಪ್ಲೇಟ್‌ಲೆಟ್ ಕಮ್ಮಿ ಇದ್ದಾಗ ರಕ್ತ ಸೋರೂ ಭಯ.

ಶರಣಪ್ಪ ಮಾವ: ನನಗ ಡೆಂಗಿ ಬಂದಾಗ ಪಪ್ಪಾಯಿಲೇ ಏರಿತ್ತು. ಸಾಕ್ಷಿಗೆ ನಾನ ಇದೀನಿ!

ಸುಧಾ: ಜ್ವರ ಬಿಟ್ಟ ಕೆಲವು ದಿನಕ್ಕ ಅದು ತಾನಾಗೇ ಏರತೈತಿ ಮಾವ. ಅದ ವ್ಯಾಳ್ಯಾಕ್ಕ ನೀವು ಎಲಿ ಕುಡದಿದ್ರಿ.

(ಮರುದಿನ, ಸಂಜಿ)

ಗಿರಿಜಾ: ನೀಲಿ ಟ್ಯೂಬಿನ್ಯಾಗ 1.8 ಲಕ್ಷ, ಗುಣಸಿದ್ರ 1.98. ಸ್ಮಿಯರಿನ್ಯಾಗೂ ಸಾಕಷ್ಟು ಅದಾವಂತ.

ಶರಣಪ್ಪ ಮಾವ: ಎಲಿ ನಿನ್ನೆ ಸಂಜೀಕೇ ನಿಮ್ಮನಿ ಮುಟ್ಟಿತ್ತಲ್ಲ, ಗಿರಿಜಾ?