ಕಾರಿನ ಕಿಟ್ಟಿಗೂ "ಕಸಿ" ಅನ್ನಬಹುದಾ?

ಗೆಳೆಯರೇ,

ಪ್ಲಾಸ್ಟಿಕ್ ಮಾಡೆಲ್ ಕಾರು ಕಟ್ಟುವ ಕೆಲಸಕ್ಕೆ ಕೆಲವು ಪದಗಳು ಬೇಕಾಗಿವೆ. ತಂಗಿಯ ಮಗನಿಗೆ ಈ ಕೆಲಸ ಕಲಿಸುತ್ತಿದ್ದೇನೆ. ಹಂತ ಹಂತವಾಗಿ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದು ಕೊಡುತ್ತಿದ್ದೇನೆ. ಬರೆಯುತ್ತಾ ಹೋದ ಹಾಗೆ ಎಲ್ಲಕ್ಕಿಂತ ಮುಖ್ಯವಾದ ಕ್ರಿಯಾಪದವೇ ನನ್ನ ಹತ್ತಿರ ಇಲ್ಲ ಅಂತ ಗೊತ್ತಾಯಿತು.

ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಕಿಟ್ಟಿನಲ್ಲಿ ಬಿಡಿಭಾಗಗಳು ಕಡ್ಡಿಯ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ. ಬಿಡಿಸಿ ಕೂಡಿಸಿದರೆ ಪೆಟ್ಟಿಗೆ ಮೇಲಿನ ಚಿತ್ರದ ಕಾರು ಆಗುತ್ತದೆ. ಆದರೆ ನಮಗೆ ಬೇಕಾದ ಕಾರು ಕಿಟ್ ಆಗಿ ಬಂದೇ ಇರುವುದಿಲ್ಲ. ಅಮೆರಿಕದ ಎಎಂಟಿ ಕಂಪನಿ 1958ರಿಂದ ಆಯಾ ವರ್ಷದ ಹೊಸ ಕಾರುಗಳನ್ನು 1/25 ಅಳತೆಯ ಕಿಟ್ಟುಗಳಾಗಿ ತರಲು ಶುರು ಮಾಡಿತು. ಅವುಗಳಲ್ಲಿ ಹೆಚ್ಚಿನವು ಪಕ್ಕದ ಕಿಟಕಿಗಳ ನಡುವೆ ಕಂಬವಿಲ್ಲದ ಎರಡು ಬಾಗಿಲಿನ ಹಾರ್ಡ್‌ಟಾಪ್, ಇಲ್ಲವೇ ಟಾಪ್ ಮಡಚಿಡುವ ಕನ್ವರ್ಟಿಬಲ್. ಮನೆಮಂದಿಯೆಲ್ಲ ಕೂತು ಓಡಾಡಿದ ನಾಲ್ಕು ಬಾಗಿಲಿನ ಸೆಡಾನ್, ಟಾಪ್ ಹಿಂದಿನ ತುದಿಯ ತನಕ ಚಾಚಿದ ಸ್ಟೇಷನ್ ವ್ಯಾಗನ್‌ಗಳಿಗೆ ಅಚ್ಚು ಮಾಡಿಸಿದ್ದು ಕಮ್ಮಿ. ಅಂಥದ್ದು ಬೇಕು ಅಂದರೆ ಒಂದು ಕಿಟ್ಟಿನ ಬಾಡಿಯನ್ನು ಕೊಯ್ದು, ಇನ್ನೊಂದು ಕಿಟ್ಟಿನ ಟಾಪ್ ತಂದು ಕೂರಿಸಬೇಕು.

ಇದಕ್ಕೆ ಇಂಗ್ಲಿಷಿನಲ್ಲಿ ಕಿಟ್‌ಬ್ಯಾಶಿಂಗ್ ಅನ್ನುತ್ತಾರೆ. ಬ್ಯಾಶ್ ಅಂದರೆ ಗುದ್ದು, ಬಡಿ. ಆ ಪದವನ್ನು ಕನ್ನಡಕ್ಕೆ ತರುವುದು ನನಗೆ ಬೇಡ, ಯಾಕಂದರೆ ಈ ಕೆಲಸದಲ್ಲಿ ಬಡಿಯುವುದು ಎಲ್ಲೂ ಇಲ್ಲ. "ಮಾರ್ಪಾಡು" ಅಂತ ಬರೆದು ನೋಡಿದೆ. ಚಕ್ರ ಬದಲಿಸಿದರೂ ಅದು ಮಾರ್ಪಾಡೇ, ಬಣ್ಣ ಬದಲಿಸಿದರೂ ಮಾರ್ಪಾಡೇ. "ಜೋಡಣೆ" ಅಂದರೆ ಪೆಟ್ಟಿಗೆಯಲ್ಲಿ ಇದ್ದುದನ್ನು ಇದ್ದ ಹಾಗೆ ಕೂಡಿಸಿದಂತೆ ಕೇಳಿಸುತ್ತದೆ. ಎರಡೂ ಸಾಲದು.

ನನಗೆ ಹೊಳೆದ ಪದ "ಕಸಿ".

ಗಿಡಕ್ಕೆ ಕಸಿ ಮಾಡುವಾಗ ಒಂದು ಗಿಡದ ಬುಡ, ಇನ್ನೊಂದರ ಕಡ್ಡಿ. ಎರಡನ್ನೂ ಓರೆಯಾಗಿ ಕೊಯ್ದು, ಕೊಯ್ದ ಮುಖಕ್ಕೆ ಮುಖ ಸೇರಿಸಿ ಕಟ್ಟುತ್ತಾರೆ. ಕಾರಿನ ಟಾಪ್ ಕೂರಿಸುವಾಗ ನಾನು ಮಾಡುವುದೂ ಇದನ್ನೇ. ಹೋಲಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಕಿಟ್ಟಿನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದಕ್ಕೆ ಹಾಕುವ ಸಿಮೆಂಟ್ ಒಂದು ದ್ರಾವಕ. ಅದು ಎರಡೂ ಅಂಚುಗಳನ್ನು ಕರಗಿಸುತ್ತದೆ. ಕರಗಿದ್ದು ಒಂದರೊಳಗೊಂದು ಬೆರೆಯುತ್ತದೆ, ದ್ರಾವಕ ಆರಿಹೋಗುತ್ತದೆ. ಉಳಿಯುವುದು ಬರೀ ಪ್ಲಾಸ್ಟಿಕ್, ನಡುವೆ ಬೇರೇನೂ ಇರುವುದಿಲ್ಲ. ಕಸಿ ಕೂಡಿಕೊಂಡಿತು ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ್ದು ಇನ್ನೇನಿದೆ ಹೇಳಿ. ಮಾವಿನ ಕಡ್ಡಿ ಮಾವಿನ ಬುಡಕ್ಕೇ ಹತ್ತುವ ಹಾಗೆ ಪಾಲಿಸ್ಟೈರೀನು ಪಾಲಿಸ್ಟೈರೀನಿಗೇ ಹೀಗೆ ಬೆರೆಯುವುದು. ರೆಸಿನ್‌ನಲ್ಲಿ ಎರಕ ಹೊಯ್ದ ಭಾಗ ತಂದರೆ ಈ ಸಿಮೆಂಟ್ ಅದನ್ನು ಕರಗಿಸುವುದೇ ಇಲ್ಲ. ಅದಕ್ಕೆ ಸೂಪರ್ ಗ್ಲೂ ಇಲ್ಲವೇ ಎಪಾಕ್ಸಿ ಬೇಕು. ಅಲ್ಲಿ "ಅಂಟಿಸು" ಅನ್ನುವುದು ಸರಿ. ಸ್ಟೈರೀನಿಗೆ ಸ್ಟೈರೀನು ಸೇರುವ ಕಡೆ "ಬೆಸೆ" ಅನ್ನಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಇದು ಸುಮ್ನೆ ಪದದ ಮೇಲಿನ ಹಟ ಅಲ್ಲ. ನೋಟ್‌ಬುಕ್ಕಿನಲ್ಲಿ ಮೊದಲು ನಾನು ಎಲ್ಲ ಕಡೆಯೂ "ಅಂಟಿಸು" ಅಂತಲೇ ಬರೆದಿದ್ದೆ. ಹುಡುಗ ಓದಿ, ಕೈಗೆ ಸಿಕ್ಕ ಸೂಪರ್ ಗ್ಲೂನಲ್ಲಿ ಟಾಪನ್ನು ಹೊತ್ತು ನಿಲ್ಲುವ ಕಂಬಗಳನ್ನು ಅಂಟಿಸಿದ. ನೋಡುವುದಕ್ಕೆ ಗಟ್ಟಿಯಾಗಿಯೇ ಇತ್ತು. ಉಪ್ಪು ಕಾಗದ ಹಿಡಿದು ತಿಕ್ಕಲು ಕೂತಾಗ ಮೆತ್ತಗಿನ ಪ್ಲಾಸ್ಟಿಕ್ ಬೇಗ ಸವೆಯಿತು, ಗಟ್ಟಿ ಗ್ಲೂ ಸವೆಯಲಿಲ್ಲ. ಕೂಡಿದ ಕಡೆ ಒಂದು ಏಣು ಎದ್ದಿತು. ಅದನ್ನು ತಗ್ಗಿಸಲು ಒತ್ತಿ ತಿಕ್ಕಿದ್ದೇ ತಡ, ಕಡ್ಡಿಯಷ್ಟು ಸಣ್ಣ ಕಂಬ ಟಕ್ ಅಂತ ಬಿಟ್ಟುಕೊಂಡಿತು. ಮೂರು ಸಂಜೆಯ ಕೆಲಸ ಹೋಯಿತು. ಅವನ ಕೈಯಲ್ಲಿ ತಪ್ಪಿರಲಿಲ್ಲ, ನನ್ನ ಪದದಲ್ಲಿ ಇತ್ತು. ಆವತ್ತು ರಾತ್ರಿಯೇ ಕೂತು ಎಲ್ಲ "ಅಂಟಿಸು"ಗಳನ್ನೂ ಒಂದೊಂದಾಗಿ ತಿದ್ದಿದೆ.

ಇನ್ನೊಂದು ಒಳ್ಳೆಯ ಪದವೂ ಇದರ ಜೊತೆಗೇ ಬರುತ್ತದೆ: "ಕಸಿ ಗಂಟು". ಗಿಡದಲ್ಲಿ ಬುಡವೂ ಕಡ್ಡಿಯೂ ಕೂಡಿದ ಜಾಗ ಅದು. ಕಾರಿನಲ್ಲಿ ಬಾಡಿಯೂ ಟಾಪೂ ಕೂಡಿದ ಗೆರೆಗೆ ಅದನ್ನೇ ಬಳಸುತ್ತಿದ್ದೇನೆ. "ಪ್ರೈಮರ್ ಹೊಡೆದಾಗ ಕಸಿ ಗಂಟು ಕಾಣಬಾರದು" ಅಂತ ಬರೆದೆ. ಹುಡುಗ ಒಂದೇ ಓದಿಗೆ ಹಿಡಿದ.

ತೊಡಕು ಇರುವುದು ಕ್ರಿಯಾಪದದಲ್ಲಿ. "ಕಸಿ" ಅನ್ನುವುದು ನಮ್ಮಲ್ಲಿ ಕಿತ್ತುಕೊಳ್ಳುವುದಕ್ಕೂ ಇದೆಯಲ್ಲ. "ವ್ಯಾಗನ್ನಿನ ಟಾಪನ್ನು ಕಸಿದೆ" ಅಂದರೆ ಕಿತ್ತುಕೊಂಡೆ ಅಂತಲೇ ಅರ್ಥ. ಆದ್ದರಿಂದ ನೇರವಾಗಿ "ಕಸಿ, ಕಸಿದ, ಕಸಿದು" ಅಂತ ಬಳಸುವಂತಿಲ್ಲ, ಜೊತೆಗೆ ಇನ್ನೊಂದು ಕ್ರಿಯಾಪದ ಬೇಕು. "ಕಸಿ ಮಾಡು" ಅಂತಲೂ ಕೇಳಿದ್ದೇನೆ, "ಕಸಿ ಕಟ್ಟು" ಅಂತಲೂ ಕೇಳಿದ್ದೇನೆ. ಕಿಟ್ಟಿನ ಕೆಲಸಕ್ಕೆ ನನಗೆ "ಕಸಿ ಕಟ್ಟು" ಇಷ್ಟ. ಮಾಡೆಲ್ಲನ್ನೂ ನಾವು ಕಟ್ಟುವುದೇ ಅಲ್ವಾ? ಸಿಮೆಂಟ್ ಆರುವ ತನಕ ಟೇಪು ಸುತ್ತಿ ಕಟ್ಟಿಯೂ ಇಡುತ್ತೇವೆ. ನಿಮ್ಮ ಕಿವಿಗೆ ಯಾವುದು ಸರಿ ಅನಿಸುತ್ತದೆ?

ಎರಡನೆಯದು, ಟಾಪ್ ಕೊಡುವ ಕಿಟ್ಟಿಗೆ ಏನನ್ನಬೇಕು? ಇಂಗ್ಲಿಷಿನಲ್ಲಿ ಡೋನರ್. ಅಂಗಾಂಗ ಕಸಿಯಲ್ಲಿ "ದಾನಿ" ಅನ್ನುತ್ತಾರೆ, "ದಾನಿ ಕಿಟ್" ಅಂದರೆ ತಿಳಿಯುತ್ತದೆ. ಗಿಡದ ಕಸಿಯಲ್ಲಿ ಕಡ್ಡಿ ಕೊಡುವುದು ತಾಯಿಮರ. ಆದರೆ "ತಾಯಿ ಕಿಟ್" ಅಂದ ಕೂಡಲೇ ಓದುವವರು ಬುಡದ ಬಾಡಿ ಅಂದುಕೊಳ್ಳುತ್ತಾರೆ. ಅರ್ಥ ತಲೆಕೆಳಗಾಗುತ್ತದೆ. ಸದ್ಯಕ್ಕೆ ದಾನಿ ಅಂತಲೇ ಇಟ್ಟುಕೊಂಡಿದ್ದೇನೆ. ಅದರ ಪಕ್ಕದಲ್ಲೇ ಒಂದು ಎಚ್ಚರಿಕೆಯನ್ನೂ ಬರೆದಿದ್ದೇನೆ: ದಾನಿಯ ಅಳತೆ ಹೊಂದಬೇಕು. ಚಕ್ರದಿಂದ ಚಕ್ರಕ್ಕೆ 2500 ಮಿ.ಮೀ. ಇರುವ ಕಾರು 1/25ರಲ್ಲಿ 100 ಮಿ.ಮೀ. ಬರುತ್ತದೆ, 1/24ರಲ್ಲಿ 104 ದಾಟುತ್ತದೆ. ಆ ನಾಲ್ಕು ಮಿಲಿಮೀಟರಿಗೆ ಟಾಪ್ ಕೂರುವುದೇ ಇಲ್ಲ.

ಬಾಡಿಗಳ ಹೆಸರನ್ನು ಮುಟ್ಟಲು ಹೋಗಿಲ್ಲ. ಸೆಡಾನ್, ಕೂಪೆ, ವ್ಯಾಗನ್ ಹಾಗೇ ಇರಲಿ. ಕೂಪೆ ಅನ್ನುವುದು ಫ್ರೆಂಚಿನ "ಕತ್ತರಿಸಿದ" ಅನ್ನುವ ಪದದಿಂದ ಬಂದದ್ದು, ಕುದುರೆ ಗಾಡಿಯ ಕಾಲದ್ದು. ಅದನ್ನು ಹೇಳಿದಾಗ ಹುಡುಗನ ಕಣ್ಣು ಅರಳಿತು. ಫೋರ್ಡ್ ರಾಂಚೆರೊ ಬಗ್ಗೆಯೂ ಹೇಳಿದೆ. 1957ರಲ್ಲಿ ಕಂಪನಿಯೇ ಎರಡು ಬಾಗಿಲಿನ ವ್ಯಾಗನ್ನಿನ ಹಿಂಭಾಗದ ಟಾಪ್ ತೆಗೆದು, ಸಾಮಾನು ಹೇರುವ ತೊಟ್ಟಿ ಮಾಡಿದಂಥ ಗಾಡಿ ಅದು.

ಆದರೆ ಕಂಬಗಳಿಗೆ ಹೆಸರು ಬೇಕೇ ಬೇಕು. ಎರಡು ಬಾಗಿಲಿನ ಹಾರ್ಡ್‌ಟಾಪನ್ನು ನಾಲ್ಕು ಬಾಗಿಲಿನ ಸೆಡಾನ್ ಮಾಡುವಾಗ ಕೆಲಸವೆಲ್ಲ ಅಲ್ಲೇ ಇದೆ. ಹಾರ್ಡ್‌ಟಾಪಿಗೆ ನಡುವೆ ಕಂಬ ಇರುವುದಿಲ್ಲ, ಹೊಸದಾಗಿ ನಿಲ್ಲಿಸಬೇಕು. ಮುಂದಿನ ಬಾಗಿಲು ಗಿಡ್ಡ ಆಗಬೇಕು. ಹಳೆಯ ಬಾಗಿಲಿನ ಗೆರೆಗೆ ಸಣ್ಣ ಪ್ಲಾಸ್ಟಿಕ್ ಎಳೆ ಬೆಸೆದು ಮುಚ್ಚುತ್ತೇನೆ. ಬರೀ ಪುಟ್ಟಿ ತುಂಬಿದರೆ ಆರಿದ ಮೇಲೆ ಕುಗ್ಗುತ್ತದೆ. ಆಮೇಲೆ ಉಕ್ಕಿನ ಪಟ್ಟಿ ಇಟ್ಟು, ಬ್ಲೇಡಿನ ಬೆನ್ನಿನಿಂದ ಹಗುರವಾಗಿ ಎಳೆಯುತ್ತೇನೆ. ಮೊದಲ ಸಲ ಬರೀ ಗೀರು. ಹತ್ತು ಹದಿನೈದು ಸಲ ಎಳೆದ ಮೇಲೆ ಗೆರೆ ಕೊರೆದುಕೊಳ್ಳುತ್ತದೆ. "ಗೀರು", "ಕೊರೆ" ಎರಡನ್ನೂ ಅದೇ ಕ್ರಮದಲ್ಲಿ ಬರೆದಿದ್ದೇನೆ.

ಮುಂಗಾರು, ಹಿಂಗಾರು, ಮುಂಗೈ ಇದ್ದ ಹಾಗೆ ಎ ಪಿಲ್ಲರಿಗೆ ಮುಂಗಂಬ, ಬಿ ಪಿಲ್ಲರಿಗೆ ನಡುಗಂಬ, ಸಿ ಪಿಲ್ಲರಿಗೆ ಹಿಂಗಂಬ ಅಂದುಕೊಂಡೆ. ಸೆಡಾನ್‌ಗೆ ಚೆನ್ನಾಗಿ ಹೊಂದಿತು. ವ್ಯಾಗನ್ನಿಗೆ ಬಂದರೆ ಹಿಂದೆ ಇನ್ನೊಂದು ಕಂಬ ಇದೆ, ಡಿ ಪಿಲ್ಲರ್. ಅದಕ್ಕೆ "ಕಡೆಗಂಬ" ಅನ್ನಲೇ? ಅಥವಾ ಅದನ್ನೇ ಹಿಂಗಂಬ ಮಾಡಿ, ಸಿ ಪಿಲ್ಲರಿಗೆ ಬೇರೆ ಹೆಸರು ಹುಡುಕಲೇ? ಗಾಡಿ ಕೆಲಸದವರ, ಮರಗೆಲಸದವರ ಬಾಯಲ್ಲಿ ಇದಕ್ಕೆ ಹೊಂದುವ ಪದ ನಿಮ್ಮಲ್ಲಿ ಯಾರಾದರೂ ಕೇಳಿದ್ದರೆ ದಯವಿಟ್ಟು ಹೇಳಿ. ವ್ಯಾಗನ್ನಿನ ಪುಟ ಇನ್ನೂ ಖಾಲಿ ಇದೆ, ಹುಡುಗ ದಿನಾ ಕೇಳುತ್ತಿದ್ದಾನೆ.