ಮಾವ ಕಳಿಸಿದ ಡಿಸೆಂಬರ್ 25ರ ಫಾರ್ವರ್ಡ್

ಮಾವ: (ಫಾರ್ವರ್ಡ್) ರೋಮಿನ ಮಿತ್ರ ದೇವರು ಹುಟ್ಟಿದ್ದು ಡಿಸೆಂಬರ್ 25ಕ್ಕೆ, ಕನ್ಯೆಯ ಹೊಟ್ಟೆಯಲ್ಲಿ. 12 ಶಿಷ್ಯರೂ ಇದ್ದರು. ಕ್ರೈಸ್ತರು ಎಲ್ಲವನ್ನೂ ಕದ್ದರು! ತಪ್ಪದೆ ಹಂಚಿ.

ನಾನು: ಮಾವ, ದಯವಿಟ್ಟು ಇದನ್ನು ಹಂಚಬೇಡಿ. ಮಿತ್ರ ಹುಟ್ಟಿದ್ದು ಬಂಡೆಯಿಂದ. ಅವನ ಗುಡಿಗಳ ಕೆತ್ತನೆಯಲ್ಲೇ ಇದೆ: ಕಲ್ಲನ್ನು ಸೀಳಿಕೊಂಡು ಮೇಲೇಳುವ ಹುಡುಗ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಪಂಜು. ಕನ್ಯೆ, ಶಿಷ್ಯರು ಎಲ್ಲ ಆಮೇಲೆ ಯಾರೋ ಸೇರಿಸಿದ್ದು.

ಅಕ್ಕ: ಆದ್ರೆ ಅವತ್ತು ಸೂರ್ಯನ ಹಬ್ಬ ಇತ್ತು ಅಲ್ವಾ?

ನಾನು: ಇತ್ತು. 354ರ ರೋಮನ್ ಪಂಚಾಂಗದಲ್ಲಿ ಆ ದಿನ 'ಅಜೇಯ'ನ, ಅಂದರೆ ಸೂರ್ಯದೇವನ, ಜನ್ಮದಿನ, 30 ರಥದ ಓಟ ಅಂತ ಬರೆದಿದೆ. ಅದೇ ಪುಸ್ತಕದ ಇನ್ನೊಂದು ಪಟ್ಟಿಯಲ್ಲಿ ಬೆತ್ಲೆಹೆಮ್‌ನಲ್ಲಿ ಕ್ರಿಸ್ತ ಹುಟ್ಟಿದ ದಿನವೂ ಅದೇ! ಯಾವುದು ಮೊದಲು ಅಂತ ವಿದ್ವಾಂಸರು ಇನ್ನೂ ವಾದ ಮಾಡುತ್ತಿದ್ದಾರೆ. ಮಾರ್ಚ್ 25ಕ್ಕೆ ಗರ್ಭ ನಿಂತಿತು ಅಂತ ಹಿಡಿದು ಒಂಬತ್ತು ತಿಂಗಳು ಎಣಿಸಿದರು ಅನ್ನುವವರೂ ಇದ್ದಾರೆ.

ಮಾವ: ನೀನು ಸುಮ್ನೆ ಅವರ ಪರ ಮಾತಾಡ್ತೀಯ. ಗುಡಿ ಒಡೆದಿದ್ದೂ ಸುಳ್ಳಾ?

ನಾನು: ಸುಳ್ಳಲ್ಲ ಮಾವ, ಅದನ್ನು ಮುಚ್ಚಿಡಬಾರದು. 391ರ ಸುಮಾರಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಸೆರಾಪಿಸ್ ದೇವರ ಗುಡಿಯನ್ನು ಕ್ರೈಸ್ತರು ಕೆಡವಿದರು. ಎಂಥ ಗುಡಿ ಅದು, ಹೊಟ್ಟೆ ಉರಿಯುತ್ತದೆ. ಆದರೆ ಕದ್ದರು ಅನ್ನೋಕೆ ಅವರೇನು ಹೊರಗಿಂದ ಬಂದವರಲ್ಲವಲ್ಲ, ಅಜ್ಜ ಮುತ್ತಜ್ಜ ಅದೇ ಗುಡಿಗಳಿಗೆ ಹೋಗುತ್ತಿದ್ದ ರೋಮನರು, ಗ್ರೀಕರು, ಈಜಿಪ್ಟಿನವರೇ ಕ್ರೈಸ್ತರಾದರು, ಮನೆಯ ರೂಢಿ ಒಂದೇ ದಿನಕ್ಕೆ ಬಿಟ್ಟು ಹೋಗುತ್ತದಾ? ಐದನೇ ಶತಮಾನದಲ್ಲಿ ಪೋಪ್ ಲಿಯೋ ತನ್ನ ಜನರನ್ನೇ ಬೈದಿದ್ದಾನೆ. ಸಂತ ಪೀಟರ್ ಚರ್ಚಿನ ಮೆಟ್ಟಿಲು ಹತ್ತಿ, ಒಳಗೆ ಹೋಗುವ ಮುಂಚೆ ಹಿಂದೆ ತಿರುಗಿ ಹುಟ್ಟುವ ಸೂರ್ಯನಿಗೆ ತಲೆ ಬಾಗಿಸುತ್ತಿದ್ದರಂತೆ.

ಅಕ್ಕ: ಅಯ್ಯೋ, ಚರ್ಚಿನ ಬಾಗಿಲಲ್ಲೇ!

ನಾನು: ಬಾಗಿಲಲ್ಲೇ. ಇನ್ನೊಬ್ಬ ಪೋಪ್, ಗ್ರೆಗರಿ, 601ರಲ್ಲಿ ಇಂಗ್ಲೆಂಡಿನ ಕೆಂಟ್ ರಾಜ್ಯದ ರಾಜನಿಗೆ ಮೊದಲು ಗುಡಿ ಒಡೆಯಿರಿ ಅಂತ ಬರೆದ. ಸ್ವಲ್ಪ ದಿನದಲ್ಲೇ ಮನಸ್ಸು ಬದಲಾಯಿಸಿ, ಅಲ್ಲಿಗೆ ಹೊರಟಿದ್ದ ಪಾದ್ರಿ ಮೆಲ್ಲಿಟಸ್‌ಗೆ ಇನ್ನೊಂದು ಪತ್ರ ಕಳಿಸಿದ: ವಿಗ್ರಹ ತೆಗೆಯಿರಿ, ಗುಡಿ ಕೆಡವಬೇಡಿ, ತೀರ್ಥ ಚಿಮುಕಿಸಿ ಅಲ್ಲೇ ಪೂಜೆ ಮಾಡಿ; ಎತ್ತು ಬಲಿ ಕೊಡುತ್ತಿದ್ದವರು ಇನ್ನು ಮುಂದೆ ಹಬ್ಬದೂಟಕ್ಕೆ ಕಡಿಯಲಿ. ಒಡೆದದ್ದೂ ಇದೆ, ಹೀಗೆ ಉಳಿಸಿಕೊಂಡದ್ದೂ ಇದೆ. ಮಾವ, ಹಂಚುವುದಾದರೆ ಇದನ್ನು ಹಂಚಿ, ಮಿತ್ರನ ಆ ಮೆಸೇಜ್ ಡಿಲೀಟ್ ಮಾಡಿ.