ಸಹಾಯ ಬೇಕು: ಮಲ್ಪೆಯಲ್ಲಿ ‘ಉಳಿದವರು ಕಂಡಂತೆ’ ಸಿನಿಮಾದ ರಿಚ್ಚಿ ಓಡಾಡಿದ ಜಾಗ ಗೊತ್ತಿರೋರು ಇದ್ದೀರಾ?

ಉಡುಪಿ ಕಡೆಯೋರು ಯಾರಾದ್ರೂ ಇದ್ರೆ ಸ್ವಲ್ಪ ಹೆಲ್ಪ್ ಮಾಡಿ ಪ್ಲೀಸ್. ಅದೇ ರಿಚ್ಚಿ ಕಥೆ ಇರೋ ರಕ್ಷಿತ್ ಶೆಟ್ರ ‘ರಿಚರ್ಡ್ ಆಂಟನಿ’ ಸಿನಿಮಾಗೆ 2021ರಲ್ಲಿ ಅನೌನ್ಸ್ ಆದಾಗಿಂದ ಕಾಯ್ತಾ ಇದೀನಿ, ಅದು ಬರೋದ್ರೊಳಗೆ ಉಳಿದವರು ಕಂಡಂತೆ ಶೂಟ್ ಆದ ಜಾಗಗಳನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು ಅಂತ ಆಸೆ. 2014ರಲ್ಲಿ ಥಿಯೇಟರಲ್ಲಿ ನೋಡ್ದಾಗ ಅರ್ಧ ಅರ್ಥ ಆಗಿರ್ಲಿಲ್ಲ, ಆಮೇಲೆ ಒಂದೇ ಘಟನೆನ ಒಬ್ಬೊಬ್ರ ಕಣ್ಣಲ್ಲಿ ಹೇಳಿರೋ ರೀತಿ ತಲೇಲಿ ಕೂತ್ಬಿಡ್ತು, ಹುಲಿವೇಷದ ತಾಸೆ ವಾದ್ಯದ ಸದ್ದು ಕೇಳಿದ್ರೆ ಈಗ್ಲೂ ಮೈ ಜುಂ ಅನ್ನುತ್ತೆ. ಅಷ್ಟಮಿ ಟೈಮಿಗೆ ಮೈಸೂರಿಂದ ಬರೋಣ ಅಂತಿದೀನಿ, ಅಷ್ಟಮಿ ಮಾರನೇ ದಿನದ ವಿಟ್ಲಪಿಂಡಿ ಉತ್ಸವದಲ್ಲಿ ಹುಲಿವೇಷ ಎಲ್ಲಿ ನಿಂತ್ರೆ ಹತ್ರದಿಂದ ಕಾಣುತ್ತೆ? ಮಲ್ಪೆ ಬಂದರಿನೊಳಗೆ ಹೊರಗಿನೋರನ್ನ ಬಿಡ್ತಾರಾ, ಬೋಟಿಂದ ಮೀನಿನ ಬುಟ್ಟಿ ಇಳಿಸೋದು ಎಷ್ಟೊತ್ತಿಗೆ? ಗೊತ್ತಿರೋರು ಕಾಮೆಂಟ್ ಹಾಕಿ, ಟ್ರೇನ್ ಟಿಕೆಟ್ ಮಾಡ್ಸೋದಿದೆ.